‘ನಾಳೆ ಬಾ’ ಅನ್ನೋದು ದೆವ್ವಕ್ಕೆ ಬರೆದ ಮಾತು, ಕೂಲಿಯವರಿಗಲ್ಲ



ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ. ಈ ಸಲ ಯಾರನ್ನೋ ಬೈಯೋಕೆ ಬರೀತಿಲ್ಲ. ನನ್ನ ಮೇಲೆಯೇ ಒಂದು ದೂರಿದೆ. ಅದನ್ನ ನಾನೇ ನಿಮ್ಮ ಮುಂದೆ ಇಡ್ತಿದ್ದೀನಿ.

ನಮ್ಮ ದೊಡ್ಡಮ್ಮ ಇಪ್ಪತ್ತು ವರ್ಷದಿಂದ ಪ್ರಾರ್ಥನೆಗೆ ಹೋಗ್ತಾಳೆ. ಶಾಲೆ ಮೆಟ್ಟಿಲು ಹತ್ತಿದವಳಲ್ಲ. ನಲವತ್ತು ದಾಟಿದ ಮೇಲೆ ಅಲ್ಲಿಯೇ, ಬೈಬಲ್ ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದೋದು ಕಲಿತಳು. ನಾನು ಅಂಬೇಡ್ಕರ್‌ವಾದಿ. ನಮ್ಮ ಮನೇಲಿರೋದು ಬುದ್ಧ ಮತ್ತು ಬಾಬಾಸಾಹೇಬರ ಫೋಟೋ. ಇಬ್ಬರ ನಡುವೆ ಈ ವಿಷಯಕ್ಕೆ ಯಾವತ್ತೂ ಜಗಳ ಆಗಿಲ್ಲ. ಅವಳಿಗೆ ಅಕ್ಷರ ಕೊಟ್ಟ ಪುಸ್ತಕ ಅದು, ಆ ಗೌರವ ನನಗೂ ಇದೆ.

ಈ ವರ್ಷ ಅವಳಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಸ್ವಲ್ಪ ದಿನ ಓದಬಾರದು ಅಂತ ಡಾಕ್ಟರು ಹೇಳಿದ್ರು. ‘ಭಾನುವಾರ ಸಂಜೆ ಬಂದು ಒಂದಧ್ಯಾಯ ಓದ್ಬಿಟ್ಟು ಹೋಗಪ್ಪ, ನೀನು ಬಿಎ ಓದಿದೋನು’ ಅಂದಳು. ಸರಿ ಅಂತ ಹೋಗೋಕೆ ಶುರು ಮಾಡಿದೆ. ಅವಳೇ ಹೇಳೋಳು, ಯಾವ ಪುಸ್ತಕ, ಯಾವ ಅಧ್ಯಾಯ ಅಂತ. ಒಂದು ಭಾನುವಾರ ‘ಜ್ಞಾನೋಕ್ತಿಗಳು ಮೂರನೇ ಅಧ್ಯಾಯ’ ಅಂದಳು. ಅವತ್ತು ಅದೇ ಓಣಿಯ ಒಬ್ಬ ಅಕ್ಕನೂ ಬಂದು ಗೋಡೆಗೆ ಒರಗಿ ಕೂತಿದ್ರು. ಅವರು ಬೀದಿ ಗುಡಿಸುವ ಗುತ್ತಿಗೆ ಕೆಲಸದವರು. ಅವರ ಸಂಬಳದ ಬಿಲ್ಲು ಬರೋದು ನನ್ನ ಟೇಬಲ್‌ಗೇ. ಇದನ್ನ ನೆನಪಲ್ಲಿಟ್ಟುಕೊಳ್ಳಿ.

ಓದ್ತಾ ಓದ್ತಾ 27 ಮತ್ತು 28ನೇ ವಚನಕ್ಕೆ ಬಂದೆ. ಅಕ್ಷರಶಃ ಇಲ್ಲಿ ಬರೀತಿಲ್ಲ, ಮನೇಲಿ ಪುಸ್ತಕ ಇದ್ದವರು ತೆಗೆದು ನೋಡಿ. ಸಾರ ಇಷ್ಟು. ಒಬ್ಬರಿಗೆ ಸೇರಬೇಕಾದ್ದು ಕೊಡೋ ಶಕ್ತಿ ನಿನ್ನ ಕೈಯಲ್ಲಿರುವಾಗ ಅದನ್ನು ತಡೆದು ನಿಲ್ಲಿಸಬಾರದು. ಕೊಡಬೇಕಾದ್ದು ನಿನ್ನ ಹತ್ತಿರವೇ ಇರುವಾಗ, ಈಗ ಹೋಗಿ ನಾಳೆ ಬಾ ಅಂತ ನೆರೆಯವನನ್ನ ಅಟ್ಟಬಾರದು.

‘ನಾಳೆ ಬಾ’ ಅನ್ನೋದು ಬಂದ ಕೂಡ್ಲೆ ಆ ಅಕ್ಕ ನಕ್ಕುಬಿಟ್ರು. ‘ಅಣ್ಣಾ, ಇದನ್ನ ನಿಮ್ಮ ಆಫೀಸು ಬಾಗಿಲ ಮೇಲೆ ಬರೆಸಬೇಕು’ ಅಂದ್ರು. ಕುಹಕ ಇರಲಿಲ್ಲ ಅದರಲ್ಲಿ. ನಿಜವಾಗ್ಲೂ ತಮಾಷೆಗೆ ಅಂದಿದ್ದು. ದೊಡ್ಡಮ್ಮನೂ ನಕ್ಕಳು. ನಾನೂ ನಕ್ಕೆ. ಆದ್ರೆ ಮುಂದಿನ ವಚನ ಓದೋಕೆ ಹೋದ್ರೆ ನಾಲಿಗೆ ಏಳಲಿಲ್ಲ.

ನನ್ನ ವಯಸ್ಸಿನವರಿಗೆ ನೆನಪಿರುತ್ತೆ. ನಾವು ಹುಡುಗರಾಗಿದ್ದಾಗ ಬೆಂಗಳೂರಲ್ಲಿ, ಸುತ್ತಮುತ್ತಲ ಊರಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರ್ತಿದ್ರು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತೆ, ಅದನ್ನ ಓದಿ ವಾಪಸ್ ಹೋಗುತ್ತೆ, ಮಾರನೇ ದಿನ ಬಂದ್ರೆ ಮತ್ತೆ ಅದೇ ಬರಹ, ಮತ್ತೆ ಹೋಗುತ್ತೆ ಅನ್ನೋ ನಂಬಿಕೆ. ಆ ‘ನಾಳೆ’ ಯಾವತ್ತೂ ಬರಲ್ಲ, ಅದೇ ಅದರ ಮರ್ಮ. ದೆವ್ವವನ್ನ ಹೊರಗೆ ನಿಲ್ಲಿಸೋಕೆ ಜನ ಕಂಡುಕೊಂಡ ಉಪಾಯ. ನಮ್ಮ ಆಫೀಸುಗಳಲ್ಲಿ ಅದೇ ಉಪಾಯ ಯಾರ ಮೇಲೆ ನಡೀತಿದೆ ನೋಡಿ. ಪೊರಕೆ ಹಿಡಿದ ಹೆಂಗಸಿನ ಮೇಲೆ. ಚರಂಡಿ ತೆಗೆದ ಗಂಡಸಿನ ಮೇಲೆ. ಪಿಂಚಣಿಗೆ ಅಲೆಯೋ ಮುದುಕಿ ಮೇಲೆ.

ಈಗ ನನ್ನ ಮೇಲಿನ ದೂರಿಗೆ ಬರ್ತೀನಿ. ನೌಕರಿಯ ಕಟ್ಟುಪಾಡು ಇರೋದ್ರಿಂದ ಊರು, ಆಫೀಸು ಯಾವುದು ಅಂತ ಹೇಳಲ್ಲ.

34 ಜನ ಗುತ್ತಿಗೆ ಕಾರ್ಮಿಕರ ಮಾರ್ಚ್ ತಿಂಗಳ ಸಂಬಳದ ಬಿಲ್ಲು ನನ್ನ ಟೇಬಲ್‌ಗೆ ಬಂದಿದ್ದು ಏಪ್ರಿಲ್ 8ಕ್ಕೆ. ತೆಗೆದು ನೋಡಿದೆ, ಪಿಎಫ್ ಚಲನ್ ಇರಲಿಲ್ಲ. ಆಮೇಲೆ ಬರೆದ್ರಾಯ್ತು ಅಂತ ರ್‍ಯಾಕಿಗೆ ಹಾಕಿದೆ. ಯಾಕೆ ‘ಆಮೇಲೆ’? ಅಂಬೇಡ್ಕರ್ ಜಯಂತಿ ತಯಾರಿ! ಬ್ಯಾನರು, ಚಂದಾ, ಮೈಕು, ಭಾಷಣಕಾರರಿಗೆ ಫೋನು. ರಜೆ ಹಾಕಿ ಓಡಾಡಿದೆ. ಏಪ್ರಿಲ್ 14ಕ್ಕೆ ಮೆರವಣಿಗೆ ಚೆನ್ನಾಗಿಯೇ ಆಯ್ತು. ದುಡಿಯುವ ಜನರ ಹಕ್ಕಿನ ಬಗ್ಗೆ ನಾನೇ ಹತ್ತು ನಿಮಿಷ ಮಾತಾಡಿದೆ, ಚಪ್ಪಾಳೆ ಬಿತ್ತು. ಮಾರನೇ ದಿನ ಬೆಳಗ್ಗೆ ಆ ರಸ್ತೆಯ ಕಾಗದ, ಹೂವು, ನೀರಿನ ಪೊಟ್ಟಣ ಎಲ್ಲಾ ಗುಡಿಸಿದ್ದು ಅದೇ 34 ಜನ. ಅವರ ಸಂಬಳದ ಫೈಲು ನನ್ನ ರ್‍ಯಾಕಿನಲ್ಲಿ ಮಲಗಿತ್ತು.

ಆಕ್ಷೇಪಣೆ ಬರೆದು ಗುತ್ತಿಗೆದಾರರಿಗೆ ಕಳಿಸಿದ್ದು ಏಪ್ರಿಲ್ 19ಕ್ಕೆ. ಅಲ್ಲಿಗೆ 11 ದಿನ. ಅವರು ಚಲನ್ ತಂದುಕೊಟ್ಟಿದ್ದು 27ಕ್ಕೆ. ಆಗ ನೋಡಿದ್ರೆ ಹಾಜರಾತಿಯ ಎರಡು ಹಾಳೆಗೆ ಸಹಿ ಇಲ್ಲ. ಮೊದಲ ಸಲವೇ ನೋಡಬೇಕಿತ್ತು, ನೋಡಿರಲಿಲ್ಲ. 30ಕ್ಕೆ ಮತ್ತೆ ವಾಪಸ್ ಕಳಿಸಿದೆ. ಮೇ 4ಕ್ಕೆ ಬಂತು. ಮೇ 6ಕ್ಕೆ ಲೆಕ್ಕಪತ್ರ ಶಾಖೆಗೆ ಕಳಿಸಿದೆ. ಅಲ್ಲಿಂದ ಸಾಹೇಬರ ಸಹಿ, ಚೆಕ್ಕು, ಬ್ಯಾಂಕು ಎಲ್ಲಾ ಮುಗಿದು ಅವರ ಖಾತೆಗೆ ಹಣ ಬಿದ್ದಿದ್ದು ಮೇ 21ಕ್ಕೆ.

ಒಟ್ಟು 43 ದಿನ. ಅದರಲ್ಲಿ ನನ್ನ ಕೈಯಲ್ಲಿ 16, ಗುತ್ತಿಗೆದಾರರ ಕೈಯಲ್ಲಿ 12, ಮೇಲಿನವರ ಕೈಯಲ್ಲಿ 15. ಎಲ್ಲರಿಗಿಂತ ಜಾಸ್ತಿ ದಿನ ಇಟ್ಟುಕೊಂಡವನು ನಾನು. ಜೈಭೀಮ್ ಅನ್ನೋನು! ಮೊದಲ ದಿನವೇ ಎರಡೂ ತಪ್ಪನ್ನ ಒಟ್ಟಿಗೆ ಬರೆದಿದ್ದಿದ್ರೆ ಫೈಲು ಏಪ್ರಿಲ್ 17ರ ಹೊತ್ತಿಗೇ ಲೆಕ್ಕಪತ್ರ ಶಾಖೆಗೆ ಹೋಗ್ತಿತ್ತು. 19 ದಿನ ಉಳೀತಿತ್ತು.

ಈ 43 ದಿನದಲ್ಲಿ ಗೋಡೆಗೆ ಒರಗಿ ಕೂತಿದ್ದ ಆ ಅಕ್ಕ ಮೂರು ಸಲ ಬಂದು ಕೇಳಿದ್ರು. ‘ಅಣ್ಣಾ, ಬಿಲ್ಲು ಏನಾಯ್ತು?’ ಮೂರು ಸಲವೂ ನಾನು ಹೇಳಿದ್ದು, ‘ಪ್ರೊಸೆಸ್‌ನಲ್ಲಿದೆ ಅಕ್ಕ, ಮುಂದಿನ ವಾರ ಬನ್ನಿ.’ ನಯವಾಗಿಯೇ ಹೇಳಿದೆ. ಬಹುವಚನ ಹಾಕಿ, ಅಕ್ಕ ಅಂತ ಸೇರಿಸಿ ಹೇಳಿದೆ. ಅವತ್ತು ದೊಡ್ಡಮ್ಮನ ಮನೇಲಿ ಮಾತಿಗೆ ಮಾತು ಬಂದು ಅವರು ಹೇಳಿದ್ರು, ಆ ದಿನಗಳಲ್ಲಿ ನೂರಕ್ಕೆ ಹತ್ತರಂತೆ 5,000 ರೂಪಾಯಿ ಕೈಸಾಲ ತಂದಿದ್ರಂತೆ. ಮೊದಲ ತಿಂಗಳ ಬಡ್ಡಿ 500 ಮುರಿದುಕೊಂಡೇ ಕೊಟ್ಟಿದ್ದು, ಕೈಗೆ ಬಂದಿದ್ದು 4,500. ಎರಡನೇ ತಿಂಗಳಿಗೆ ಇನ್ನೊಂದು 500. ಸಾವಿರ ರೂಪಾಯಿ ಅಂದ್ರೆ ಸುಮಾರು ಎರಡು ದಿನ ಬೀದಿ ಗುಡಿಸಿದ ಕೂಲಿ. ಅದನ್ನ ನುಂಗಿದ್ದು ಬಡ್ಡಿ ವ್ಯಾಪಾರಿ ಅಂತ ಅವರು ಬೈತಿದ್ರು. ನನ್ನನ್ನ ಬೈಯ್ಲಿಲ್ಲ. ನಾನು ಮಾತ್ರ ಮನಸ್ಸಲ್ಲೇ ದಿನ ಎಣಿಸ್ತಾ ಕೂತಿದ್ದೆ.

ನಾನು ಲಂಚ ಮುಟ್ಟಿಲ್ಲ. ಯಾರ ದುಡ್ಡೂ ತಿಂದಿಲ್ಲ. ಇಷ್ಟು ವರ್ಷ ಅದೇ ನನ್ನ ಹೆಮ್ಮೆಯಾಗಿತ್ತು. ಆದರೆ ಆ ವಚನ ಲಂಚದ ಬಗ್ಗೆ ಮಾತಾಡ್ತಿಲ್ಲ. ಬರೀ ತಡದ ಬಗ್ಗೆ ಮಾತಾಡುತ್ತೆ.

ಇದರ ಅರ್ಥ ಸರಿಯಾಗಿ ತಿಳ್ಕೋಬೇಕು ಅಂತ ದೊಡ್ಡಮ್ಮನ ಸಭೆಯ ಪಾಸ್ಟರ್ ಹತ್ತಿರ ಹೋಗಿ ಕೂತೆ. ಓದಿಕೊಂಡ ಮನುಷ್ಯ. ಅವರು ಒಂದು ವಿಷಯ ಹೇಳಿದ್ರು, ಅದು ನನ್ನ ತಲೇಲಿ ಗಟ್ಟಿಯಾಗಿ ಕೂತಿದೆ. 27ನೇ ವಚನದಲ್ಲಿ ‘ಪಡೆಯಬೇಕಾದವರು’ ಅನ್ನೋ ಅರ್ಥದಲ್ಲಿ ಅನುವಾದ ಮಾಡ್ತಾರಲ್ಲ, ಮೂಲ ಹೀಬ್ರೂ ಭಾಷೆಯಲ್ಲಿ ಅಲ್ಲಿರೋ ಪದಕ್ಕೆ ‘ಅದರ ಯಜಮಾನರು’ ಅಂತ ಅರ್ಥವಂತೆ.

ಯಜಮಾನರು! ಅಂದ್ರೆ ಕೊಡಬೇಕಾದ್ದು ಇನ್ನೂ ನನ್ನ ಕೈಯಲ್ಲಿದ್ರೂ ಅದರ ಒಡೆತನ ಆಗಲೇ ಅವರದ್ದು. ನಾನು ಕೊಡೋನಲ್ಲ, ಅವರು ಬೇಡೋರಲ್ಲ. ಅವರ ವಸ್ತು ನನ್ನ ಹತ್ತಿರ ಇದೆ ಅಷ್ಟೆ. ಬೇರೆಯವರ ವಸ್ತು ಇಟ್ಟುಕೊಂಡು ನಾಳೆ ಬಾ ಅಂದ್ರೆ ಅದಕ್ಕೆ ಊರಲ್ಲಿ ಏನಂತಾರೆ ನಿಮಗೆ ಗೊತ್ತಲ್ಲ.

ನಮ್ಮಪ್ಪನ ಕಾಲದಲ್ಲಿ ಈ ‘ಯಜಮಾನ’ ಅನ್ನೋ ಪದ ಒಬ್ಬರಿಗೇ ಮೀಸಲು. ಹೊಲ ಇದ್ದವರಿಗೆ. ರಾಗಿ ಕೊಯ್ಲಿನ ಕಾಲ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ದಿನವೆಲ್ಲಾ ಕೊಯ್ದು, ಹೊರೆ ಕಟ್ಟಿ, ಸಂಜೆ ಯಜಮಾನರ ಜಗಲಿಯ ಕೆಳಗೆ, ಅಂಗಳದಲ್ಲಿ ಕೈಕಟ್ಟಿ ನಿಲ್ತಿದ್ದ. ಕೂಲಿ ಅಂದ್ರೆ ರಾಗಿ, ಸೇರಲ್ಲಿ ಅಳೆದು ಟವೆಲ್ಲಿಗೆ ಸುರಿಯೋರು, ಕೈ ತಾಗಬಾರದು ಅಂತ ಎತ್ತರದಿಂದ. ಎಷ್ಟೋ ದಿನ ಒಳಗಿಂದ ಬರ್ತಿದ್ದಿದ್ದು ಒಂದೇ ಮಾತು, ‘ನಾಳೆ ಬಾರ್‍ಲಾ.’ ಅವತ್ತು ನಮ್ಮಮ್ಮ ಒಲೆ ಹಚ್ಚುತ್ತಿರಲಿಲ್ಲ. ಹಚ್ಚಿ ಏನು ಬೇಯಿಸೋದು? ಅಪ್ಪ ಬರೋ ಹೆಜ್ಜೆ ಸಪ್ಪಳದಲ್ಲೇ ನಮಗೆ ಗೊತ್ತಾಗ್ತಿತ್ತು, ಟವೆಲ್ಲಲ್ಲಿ ಗಂಟಿದೆಯೋ ಇಲ್ಲವೋ ಅಂತ.

ಅದೇ ಬೈಬಲ್ಲಿನ ಧರ್ಮೋಪದೇಶಕಾಂಡ 24ನೇ ಅಧ್ಯಾಯದಲ್ಲಿ ಕೂಲಿಯ ಬಗ್ಗೆ ಕಟ್ಟಪ್ಪಣೆ ಇದೆ. ಅವತ್ತಿನ ಕೂಲಿ ಅವತ್ತೇ, ಸೂರ್ಯ ಮುಳುಗೋದ್ರೊಳಗೆ ಕೊಡಬೇಕು. ಕಾರಣವನ್ನೂ ಹೇಳಿದ್ದಾರೆ. ಅವನು ಬಡವ, ಅವನ ಜೀವ ಅದರ ಮೇಲೆಯೇ ನಿಂತಿದೆ. ಅದೂ ಬರೀ ಸ್ವಂತ ಜನಕ್ಕಲ್ಲ, ನಿನ್ನ ಊರಲ್ಲಿರುವ ಪರದೇಶಿಗೂ ಅದೇ ನ್ಯಾಯ. ಯಾಜಕಕಾಂಡ 19ನೇ ಅಧ್ಯಾಯ ಕೂಲಿಯನ್ನ ಬೆಳಗಿನವರೆಗೂ ಇಟ್ಟುಕೊಳ್ಳಬಾರದು ಅನ್ನುತ್ತೆ. ಒಂದು ರಾತ್ರಿ ಕೂಡ ಇಲ್ಲ! ಇದನ್ನ ಬರೆದವರಿಗೆ ಹಚ್ಚದ ಒಲೆ ಅಂದ್ರೆ ಏನು ಅಂತ ಗೊತ್ತಿತ್ತು.

ಹೊಸ ಒಡಂಬಡಿಕೆಯ ಯಾಕೋಬನ ಪತ್ರ ಇನ್ನೂ ಖಾರ. ಐದನೇ ಅಧ್ಯಾಯದ 4ನೇ ವಚನದಲ್ಲಿ, ಹೊಲ ಕೊಯ್ದವರಿಗೆ ಶ್ರೀಮಂತರು ಕೊಡದೆ ಇಟ್ಟುಕೊಂಡ ಕೂಲಿ ತಾನೇ ಕೂಗ್ತಿದೆ ಅಂತಾನೆ. ಕೊಯ್ದವರ ಕೂಗಿನ ಮಾತು ಬರೋದು ಆಮೇಲೆ, ಮೊದಲು ಕೂಗೋದು ಕೂಲಿ. ಎಲ್ಲಿಂದ ಕೂಗುತ್ತೆ? ಎಲ್ಲಿದೆಯೋ ಅಲ್ಲಿಂದ. ಇಟ್ಟುಕೊಂಡವನ ಮನೆ ಒಳಗಿಂದ. ಕಾರ್ಮಿಕರು ಬಾಯಿ ಬಿಡದೆ ಇರಬಹುದು, ಹೆದರಿರಬಹುದು, ಆ ಅಕ್ಕನ ಹಾಗೆ ನಗ್ತಾ ಇರಬಹುದು. ರ್‍ಯಾಕಿನಲ್ಲಿರೋ ಫೈಲು ಮಾತ್ರ ಸುಮ್ಮನಿರಲ್ಲ. ಈ ವಚನದಲ್ಲಿ ‘ಕೊಡದೆ ಇಟ್ಟ’ ಅನ್ನೋ ಜಾಗದಲ್ಲಿ ಹಳೇ ಗ್ರೀಕ್ ಕೈಬರಹದ ಪ್ರತಿಗಳಲ್ಲಿ ಎರಡು ಪಾಠ ಇದೆ ಅಂತ ಪಾಸ್ಟರ್ ಹೇಳಿದ್ರು. ಕೆಲವು ಪ್ರತಿಯಲ್ಲಿ ‘ಕಸಿದುಕೊಂಡ’ ಅನ್ನೋ ಪದ, ಕೆಲವು ಪ್ರತಿಯಲ್ಲಿ ‘ತಡೆಹಿಡಿದ’ ಅನ್ನೋ ಪದ. ನನಗೆ ಗ್ರೀಕ್ ಬರಲ್ಲ. ಆದರೆ ಕಾಯುತ್ತಿರುವ ಹೊಟ್ಟೆಗೆ ಆ ಎರಡು ಪದಕ್ಕೂ ವ್ಯತ್ಯಾಸ ತಿಳಿಯಲ್ಲ ಅನ್ನೋದು ಗೊತ್ತು.

ಇನ್ನೊಂದು ಕಥೆ ಮತ್ತಾಯನ ಸುವಾರ್ತೆ 20ನೇ ಅಧ್ಯಾಯದ್ದು. ದ್ರಾಕ್ಷಿ ತೋಟದ ಕೂಲಿಯವರ ಕಥೆ, ಬಹಳ ಜನ ಕೇಳಿರ್ತೀರಿ. ಸಂಜೆ ಬಂದವನಿಗೂ ಬೆಳಗ್ಗೆ ಬಂದವನಿಗೂ ಒಂದೇ ಕೂಲಿ ಕೊಟ್ಟ ಯಜಮಾನನ ಬಗ್ಗೆಯೇ ಎಲ್ಲರೂ ಮಾತಾಡ್ತಾರೆ. ನಾನು ಈ ಸಲ ಓದುವಾಗ ಕಣ್ಣಿಗೆ ಬಿದ್ದಿದ್ದು ಇನ್ನೊಬ್ಬ. ಸಂಜೆಯಾದಾಗ ಯಜಮಾನ ತನ್ನ ಪಾರುಪತ್ಯಗಾರನನ್ನ ಕರೆದು ಎಲ್ಲರಿಗೂ ಕೂಲಿ ಕೊಡೋಕೆ ಹೇಳ್ತಾನೆ, ಕೊನೆಗೆ ಬಂದವರಿಂದ ಶುರು ಮಾಡೋಕೆ ಹೇಳ್ತಾನೆ. ಆ ಪಾರುಪತ್ಯಗಾರ ಇದಾನಲ್ಲ, ಅವನು ನಾನು. ನನ್ನಂಥ ಗುಮಾಸ್ತ. ಕಥೆಯಲ್ಲಿ ಅವನಿಗೆ ಒಂದು ಮಾತೂ ಇಲ್ಲ. ಹಾಜರಾತಿಗೆ ಸಹಿ ಎಲ್ಲಿ, ಸಂಜೆ ಐದಕ್ಕೆ ಬಂದವನ ಹೆಸರು ಲಿಸ್ಟಿನಲ್ಲಿಲ್ಲ, ಸೋಮವಾರ ಬರೋಕೆ ಹೇಳಿ ಅಂತ ಅವನೇನಾದ್ರೂ ಅಂದಿದ್ರೆ ಆ ಕಥೆ ಅಲ್ಲಿಗೇ ನಿಂತುಹೋಗ್ತಿತ್ತು. ಯಜಮಾನ ಎಷ್ಟೇ ದೊಡ್ಡ ಮನಸ್ಸಿನವನಾದ್ರೂ ದುಡ್ಡು ಕೈಸೇರೋದು ಗುಮಾಸ್ತನ ಮೂಲಕ.

ನೀವು ಕೇಳಬಹುದು, ಹಾಗಾದ್ರೆ ಚಲನ್ ಇಲ್ಲದೆ ಬಿಲ್ಲು ಪಾಸ್ ಮಾಡಬೇಕಾ ಅಂತ. ಇಲ್ಲ. ಇದು ಅಷ್ಟು ಸರಳ ಇಲ್ಲ, ಅದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಪಿಎಫ್, ಇಎಸ್‌ಐ ಚಲನ್ ಕೇಳೋದು ಕಾರ್ಮಿಕರ ಹಿತಕ್ಕೇ. ಅದನ್ನ ಕೇಳದೆ ಬಿಟ್ರೆ ಅವರ ಸಂಬಳದಲ್ಲಿ ಮುರಿದ ದುಡ್ಡನ್ನ ಕಟ್ಟದೆ ತಿನ್ನೋ ಗುತ್ತಿಗೆದಾರರು ಇದ್ದಾರೆ. ಅಕ್ಕನಿಗೆ ಹುಷಾರಿಲ್ಲದೆ ಇಎಸ್‌ಐ ಆಸ್ಪತ್ರೆಗೆ ಹೋದಾಗ ನಿಮ್ಮ ಕಂತು ಕಟ್ಟಿಲ್ಲ ಅಂದ್ರೆ ಆಗಲೂ ಜವಾಬ್ದಾರ ನಾನೇ. ನಿಯಮ ಬೇಕು. ತಪ್ಪಿರೋದು ನಿಯಮದಲ್ಲಲ್ಲ. ನಿಯಮದ ಹೆಸರಲ್ಲಿ ನಾನು ತಗೊಂಡ 11 ದಿನದಲ್ಲಿ, ಒಂದೇ ಸಲ ಕೇಳಬೇಕಾದ್ದನ್ನ ಎರಡು ಸಲ ಕೇಳಿದ್ದರಲ್ಲಿ.

ಆ ವಚನ ಈ ವಿಷಯದಲ್ಲಿ ನ್ಯಾಯವಾಗಿಯೇ ಮಾತಾಡುತ್ತೆ. ಕೊಡೋ ಶಕ್ತಿ ನಿನ್ನ ಕೈಯಲ್ಲಿರುವಾಗ ಅಂತಲೇ ಇದೆ. ಕೈಯಲ್ಲಿ ಇಲ್ಲದ್ದನ್ನ ಕೊಡು ಅಂತ ಕೇಳ್ತಿಲ್ಲ. ಸಾಹೇಬರ ಸಹಿ ನನ್ನ ಕೈಯಲ್ಲಿಲ್ಲ. ಅನುದಾನ ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿರೋದು 16 ದಿನ. ಅಷ್ಟಕ್ಕೆ ನಾನು ಉತ್ತರ ಕೊಡಬೇಕು. ನಾವೆಲ್ಲಾ ನಮ್ಮ ಕೈಯಲ್ಲಿಲ್ಲದ್ದನ್ನ ದೊಡ್ಡದಾಗಿ ತೋರಿಸಿ ಕೈಯಲ್ಲಿರೋದನ್ನ ಮುಚ್ಚಿಡ್ತೀವಿ. ಮೇಲಿಂದ ಬಂದಿಲ್ಲ ಅನ್ನೋದಕ್ಕಿಂತ ಸುಲಭದ ಸುಳ್ಳು ಆಫೀಸಲ್ಲಿ ಇನ್ನೊಂದಿಲ್ಲ.

ಕಾನೂನನ್ನೂ ನೋಡಿ. 1936ರ ವೇತನ ಪಾವತಿ ಕಾಯ್ದೆ, ಸಾವಿರಕ್ಕಿಂತ ಕಡಿಮೆ ಜನ ಕೆಲಸ ಮಾಡೋ ಕಡೆ ಸಂಬಳದ ಅವಧಿ ಮುಗಿದ 7 ದಿನದೊಳಗೆ ಕೂಲಿ ಕೊಡಬೇಕು ಅಂತ ಬರೆದಿಟ್ಟಿತು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೇ ಕಲಮು ಇನ್ನೂ ಮುಂದೆ ಹೋಯ್ತು. ಗುತ್ತಿಗೆದಾರ ಕೂಲಿ ಕೊಡದೆ ಇದ್ರೆ ಮೂಲ ಮಾಲೀಕ, ಅಂದ್ರೆ ಯಾರಿಗಾಗಿ ಕೆಲಸ ನಡೀತಿದೆಯೋ ಅವರು, ಕೂಲಿ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡ್ಕೋಬೇಕು. 2005ರ ಉದ್ಯೋಗ ಖಾತ್ರಿ ಕಾಯ್ದೆ 15 ದಿನದ ಗಡುವು ಕೊಟ್ಟು, ತಡ ಆದ್ರೆ ಪರಿಹಾರ ಕೊಡಬೇಕು ಅಂದಿತು. ಕಾಯ್ದೆಗಳ ಹೆಸರು, ಕಲಮು ಕಾಲಕಾಲಕ್ಕೆ ಬದಲಾಗಬಹುದು. ತತ್ವ ಒಂದೇ. ಗುತ್ತಿಗೆದಾರನನ್ನ ಕೇಳಿ ಹೋಗಿ ಅಂತ ಆಫೀಸು ಕೈ ತೊಳ್ಕೊಳ್ಳೋ ಹಾಗಿಲ್ಲ. ಇಷ್ಟೆಲ್ಲಾ ಇದ್ದೂ, 2018ರ ಜುಲೈನಲ್ಲಿ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಸಂಬಳ ಸಿಗದ ಪೌರಕಾರ್ಮಿಕರೊಬ್ಬರು ಜೀವ ಕಳ್ಕೊಂಡರು. ಆಗ ನಾವು ಬೀದಿಗಿಳಿದು ಘೋಷಣೆ ಕೂಗಿದ್ವಿ. ಆ ಸಂಬಳ ಎಷ್ಟು ಟೇಬಲ್ ಮೇಲೆ, ಎಷ್ಟು ಜನ ‘ಒಳ್ಳೆಯವರ’ ರ್‍ಯಾಕಿನಲ್ಲಿ ಮಲಗಿತ್ತೋ ಅಂತ ಆಗ ನಾನು ಯೋಚಿಸಿರಲಿಲ್ಲ. ಒಬ್ಬ ದುಷ್ಟನನ್ನ ಹುಡುಕೋದ್ರಲ್ಲೇ ಇದ್ದೆ.

ಹಾಗಾದ್ರೆ ನಾನೇನು ಮಾಡ್ದೆ? ದೊಡ್ಡದೇನಿಲ್ಲ. ಕೂಲಿಯ ಫೈಲು ಬಂದ ದಿನಾಂಕ, ಹೋದ ದಿನಾಂಕ ಬರೆಯೋಕೆ ಒಂದು ಡೈರಿ ಇಟ್ಟಿದ್ದೀನಿ. ಬಂದ ದಿನವೇ ಪೂರ್ತಿ ನೋಡಿ, ಏನೇನು ಕೊರತೆ ಇದೆಯೋ ಎಲ್ಲಾ ಒಂದೇ ಪತ್ರದಲ್ಲಿ ಬರೀತೀನಿ, ಅವತ್ತೇ ಗುತ್ತಿಗೆದಾರರಿಗೆ ಫೋನ್ ಮಾಡ್ತೀನಿ. ಬೇರೆ ಫೈಲು ಎಷ್ಟೇ ಇರಲಿ, ಕೂಲಿ ಫೈಲನ್ನ ಟೇಬಲ್ ಮೇಲಿಟ್ಟು ಮನೆಗೆ ಹೋಗಲ್ಲ ಅಂತ ನನಗೆ ನಾನೇ ಹಾಕಿಕೊಂಡ ಕಟ್ಟು. ಸೂರ್ಯ ಮುಳುಗೋದ್ರೊಳಗೆ ಅನ್ನೋದಕ್ಕೆ ಗುಮಾಸ್ತನ ಮಟ್ಟದಲ್ಲಿ ಇಷ್ಟು ಅರ್ಥ ಇರಬಹುದು. ಇನ್ನು ಯಾರಾದ್ರೂ ಬಂದು ಕೇಳಿದ್ರೆ ‘ಪ್ರೊಸೆಸ್‌ನಲ್ಲಿದೆ’ ಅನ್ನಲ್ಲ. ಫೈಲು ಯಾರ ಹತ್ತಿರ ಇದೆ, ಯಾವತ್ತಿಂದ ಇದೆ ಅಂತ ಹೇಳ್ತೀನಿ. ನನ್ನ ಹತ್ತಿರ ಇದ್ರೆ ನನ್ನ ಹತ್ತಿರ ಇದೆ ಅಂತಲೇ ಹೇಳ್ತೀನಿ. ಇದನ್ನ ಹೇಳೋದು ಬಹಳ ಕಷ್ಟ, ಮಾಡಿ ನೋಡಿ.

ಇನ್ನೊಂದು ಪ್ರಯತ್ನವನ್ನೂ ಮಾಡಿದೆ. ಬಿಲ್ಲಿನಲ್ಲಿ ಕಾರ್ಮಿಕರ ಕೂಲಿ ಬೇರೆ, ಗುತ್ತಿಗೆದಾರರ ಕಮಿಷನ್ ಬೇರೆ. ಚಲನ್ ತರದೆ ಇದ್ರೆ ಕಮಿಷನ್ ತಡೆಹಿಡಿಯೋಣ, ಕೂಲಿಯನ್ನ ನೇರ ಅವರ ಖಾತೆಗೆ ಹಾಕೋಣ ಅಂತ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ. ಒಂದು ತಿಂಗಳು ಒಪ್ಪಿ ಸಹಿಯಾಯ್ತು. ಮುಂದಿನ ತಿಂಗಳು ‘ಚರ್ಚಿಸಿ’ ಅಂತ ಬರೆದು ವಾಪಸ್ ಬಂತು. ಆಫೀಸಲ್ಲಿ ಕೆಲಸ ಮಾಡೋರಿಗೆ ‘ಚರ್ಚಿಸಿ’ ಅಂದ್ರೆ ಏನು ಅಂತ ವಿವರಿಸೋದು ಬೇಕಿಲ್ಲ. ಅದು ಸರ್ಕಾರಿ ಭಾಷೆಯ ‘ನಾಳೆ ಬಾ’. ಬಿಟ್ಟಿಲ್ಲ, ಮತ್ತೆ ಬರೆದಿದ್ದೀನಿ.

ಈಗ ಸಂಘಟನೆಯ ಗೆಳೆಯರಿಗೆ ಒಂದು ಮಾತು. ಕಹಿಯಾಗಿದೆ, ಸಹಿಸ್ಕೊಳ್ಳಿ. ಅದೇ ಏಪ್ರಿಲ್ 14ರ ಮೆರವಣಿಗೆಗೆ ತಮಟೆ ತಂಡ ಕರೆಸಿದ್ವಿ. ಬಿಸಿಲಲ್ಲಿ ಮೂರು ಗಂಟೆ ಬಾರಿಸಿದ್ರು. ಅರ್ಧ ದುಡ್ಡು ಅವತ್ತು ಕೊಟ್ವಿ, ಉಳಿದ ಅರ್ಧ ಯಾವಾಗ ಕೊಟ್ವಿ? ಜೂನ್‌ನಲ್ಲಿ! ಯಾಕೆ ತಡ ಅಂದ್ರೆ, ಚಂದಾ ಬಾಕಿ ಇತ್ತು, ಹೇಗೂ ನಮ್ಮವರೇ ಅಲ್ವಾ ಅಂತ. ಶಾಮಿಯಾನದ ಮಾಲೀಕನಿಗೆ, ಬ್ಯಾನರ್ ಪ್ರಿಂಟಿನವನಿಗೆ ಮರುದಿನವೇ ಕೊಟ್ಟಿದ್ವಿ, ಅವರು ಬಿಡಲ್ಲ ಅಂತ. ನಮ್ಮವರು ಅನ್ನೋ ಕಾರಣಕ್ಕೇ ನಮ್ಮವರನ್ನ ಕೊನೆಗೆ ನಿಲ್ಲಿಸ್ತೀವಿ. ದ್ರಾಕ್ಷಿ ತೋಟದ ಕಥೆಯಲ್ಲಿ ಕೂಲಿ ಕೊಡೋಕೆ ಶುರು ಮಾಡಿದ್ದು ಕೊನೆಯವರಿಂದ. ನಾವು ತಿರುಗಾ ಮಾಡ್ತಿದ್ದೀವಿ. ಮುಂದಿನ ಜಯಂತಿಗೆ ತಮಟೆಯವರ ದುಡ್ಡು ಪೂರ್ತಿ ಎತ್ತಿಟ್ಟು ಆಮೇಲೆ ಬ್ಯಾನರ್ ಮಾಡಿಸೋಣ ಅಂತ ಸಭೆಯಲ್ಲಿ ಹೇಳಿದ್ದೀನಿ, ಇಲ್ಲಿಯೂ ಹೇಳ್ತಿದ್ದೀನಿ.

ಮನೆಯ ವಿಷಯವೂ ಇದೆ. ನಮ್ಮ ಮನೇಲಿ ಪಾತ್ರೆ ತೊಳೆಯೋಕೆ ಒಬ್ಬರು ಬರ್ತಾರೆ. ನನ್ನ ಸಂಬಳ ತಿಂಗಳ ಮೊದಲ ವಾರ ಬಂದಿರುತ್ತೆ. ಅವರಿಗೆ ಕೊಡ್ತಿದ್ದಿದ್ದು ಹತ್ತು, ಹನ್ನೆರಡನೇ ತಾರೀಕು. ಚಿಲ್ಲರೆ ಇಲ್ಲ, ಎಟಿಎಂಗೆ ಹೋಗಿಲ್ಲ, ಹೀಗೇ ಏನೋ ಒಂದು. ಕೊಡಬೇಕಾದ್ದು ಕೈಯಲ್ಲೇ ಇದ್ದು ನಾಳೆ ಬಾ ಅನ್ನೋದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ಬೇಕಾ? ಈಗ ಒಂದನೇ ತಾರೀಕು ಕೊಡ್ತೀವಿ. ಕೊಡುವಾಗ ಏನೋ ಉಪಕಾರ ಮಾಡಿದಂತೆ ಅನಿಸೋದು ಮಾತ್ರ ಇನ್ನೂ ಹೋಗಿಲ್ಲ. ಅದರ ಯಜಮಾನರು ಅವರು ಅಂತ ಪ್ರತಿ ತಿಂಗಳೂ ನೆನಪು ಮಾಡ್ಕೋತೀನಿ.

ಪ್ರಾರ್ಥನೆಗೆ ಹೋಗುವ ಅಣ್ಣ ತಮ್ಮಂದಿರಿಗೆ, ಅಕ್ಕಂದಿರಿಗೆ ಎರಡು ಮಾತು. ಯಾಕೋಬನ ಪತ್ರದ ಅದೇ ಐದನೇ ಅಧ್ಯಾಯದಲ್ಲಿ 7ನೇ ವಚನಕ್ಕೆ ಬಂದ್ರೆ ತಾಳ್ಮೆಯಿಂದಿರಿ ಅನ್ನೋ ಬುದ್ಧಿಮಾತು ಬರುತ್ತೆ, ಮಳೆಗೆ ಕಾಯೋ ರೈತನ ಹಾಗೆ. ನಾನು ಕೇಳಿದ ಪ್ರಸಂಗಗಳಲ್ಲಿ 7ನೇ ವಚನ ಎಷ್ಟೋ ಸಲ ಬಂದಿದೆ, 4ನೇ ವಚನ ಒಂದು ಸಲವೂ ಬಂದಿಲ್ಲ. ಬಡವರಿಗೆ ತಾಳ್ಮೆ ಹೇಳುವ ಮೊದಲು, ತಡೆದವರಿಗೆ ಆ ಪತ್ರ ಹೇಳಿದ್ದನ್ನ ಓದಿ. ಆರು ವಚನ ಹಾರಿಸಿ ಏಳನೆಯದಕ್ಕೆ ಹೋದ್ರೆ ಅದು ಬೇರೆಯೇ ಪತ್ರ ಆಗಿಬಿಡುತ್ತೆ. ಸಂಸ್ಥೆ ನಡೆಸೋರು, ಆಯಾ, ಕಾವಲುಗಾರ, ಅಡುಗೆಯವರನ್ನ ಇಟ್ಟುಕೊಂಡವರು, ಅವರ ಸಂಬಳ ಯಾವ ತಾರೀಕಿಗೆ ಹೋಗುತ್ತೆ ಅಂತ ಒಮ್ಮೆ ನೋಡ್ಕೊಳ್ಳಿ. ಅದೇ ಪತ್ರದ ಎರಡನೇ ಅಧ್ಯಾಯದಲ್ಲಿ, ಚಿನ್ನದುಂಗುರ ಹಾಕಿಕೊಂಡು ಬಂದವನಿಗೆ ಒಳ್ಳೆ ಜಾಗ, ಹರಕು ಬಟ್ಟೆಯವನಿಗೆ ಕಾಲ ಬಳಿ ಜಾಗ ಕೊಡೋ ಸಭೆಗೆ ಛೀಮಾರಿ ಇದೆ. ಮತಾಂತರ ಆದ ಮೇಲೂ ಜಾತಿ ಬೆನ್ನು ಬಿಡಲಿಲ್ಲ ಅನ್ನೋದನ್ನ ಬಾಬಾಸಾಹೇಬರೂ ವಿವರವಾಗಿ ಬರೆದಿದ್ದಾರೆ. ನಿಮ್ಮ ಪುಸ್ತಕವೇ ನಿಮ್ಮನ್ನ ಕೇಳೋ ಪ್ರಶ್ನೆ ಅದು, ನಾನು ಹೊರಗಿನವನು ಕೇಳ್ತಿರೋದಲ್ಲ.

ಸರ್ಕಾರವೂ ಈ ಜನಕ್ಕೆ ಹಾಕಿದ ಒಂದು ‘ನಾಳೆ ಬಾ’ ಬೋರ್ಡ್ ಇದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನ ಹಿಂದೂಗಳಿಗೆ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತ ದಲಿತರು, ಮುಸ್ಲಿಂ ದಲಿತರು ಹೊರಗೇ ಉಳಿದ್ರು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಅವರ ಪರ ವರದಿ ಕೊಟ್ಟಿತು. ಅದನ್ನ ಜಾರಿ ಮಾಡೋದು ಬಿಟ್ಟು 2022ರಲ್ಲಿ ಮತ್ತೊಂದು ಆಯೋಗ ಮಾಡಿದ್ರು. ದೊಡ್ಡಮ್ಮನಂಥವರು ಭಾನುವಾರ ಒಂದು, ಕಾಗದದಲ್ಲಿ ಇನ್ನೊಂದು ಆಗಿ ಬದುಕೋದು ಯಾಕೆ ಅಂತ ಆಡಿಕೊಳ್ಳೋರು ಈ ತಾರೀಕುಗಳನ್ನ ಒಮ್ಮೆ ಓದಲಿ.

ಕೆಲವರು ಕೇಳ್ತಾರೆ, ಅಂಬೇಡ್ಕರ್‌ವಾದಿಯಾಗಿ ಬೈಬಲ್ ವಚನ ಹಿಡಿದು ಯಾಕೆ ಬರೀತೀಯ ಅಂತ. ಬುದ್ಧ ಗುರುವೂ ಸಿಗಾಲನಿಗೆ ಹೇಳಿದ ಉಪದೇಶದಲ್ಲಿ, ದುಡಿಯುವವರಿಗೆ ಶಕ್ತಿಗೆ ತಕ್ಕ ಕೆಲಸ, ಊಟ, ಕೂಲಿ, ಕಾಯಿಲೆ ಬಿದ್ದಾಗ ಆರೈಕೆ ಕೊಡೋದು ಯಜಮಾನನ ಕರ್ತವ್ಯ ಅಂದಿದ್ದಾನೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯನ್ನೇ ನೋಡಿದವರು. ಅವರಿಂದ ನಾನು ಕಲಿತಿದ್ದು ಇದನ್ನೇ. ಆದ್ರೆ ಕಲಿತದ್ದನ್ನ ನಾನು ಯಾವಾಗಲೂ ಬೇರೆಯವರ ಕಡೆಗೇ ತಿರುಗಿಸಿ ಹಿಡೀತಿದ್ದೆ. ದೊಡ್ಡಮ್ಮನ ಪುಸ್ತಕ, ಆ ಅಕ್ಕನ ನಗು, ಎರಡೂ ಸೇರಿ ಅದನ್ನ ನನ್ನ ಕಡೆಗೆ ತಿರುಗಿಸಿದ್ವು. ಯಾವ ಪುಸ್ತಕದ್ದೇ ಆಗಲಿ, ಒಂದು ವಚನ ಅರ್ಥ ಆಗೋದು ಅದು ನಮ್ಮ ಟೇಬಲ್‌ವರೆಗೂ ಬಂದಾಗ.

ಮೊನ್ನೆ ಆ ಅಕ್ಕ ಮತ್ತೆ ಆಫೀಸಿಗೆ ಬಂದಿದ್ರು. ‘ಅಣ್ಣಾ, ಬಿಲ್ಲು?’ ಅಂದ್ರು. ಡೈರಿ ತೆಗೆದು ತೋರಿಸಿದೆ. 5ನೇ ತಾರೀಕು ಬಂತು, 5ನೇ ತಾರೀಕೇ ನನ್ನಿಂದ ಹೋಯ್ತು, ಈಗ ಲೆಕ್ಕಪತ್ರ ಶಾಖೆಯಲ್ಲಿ 6 ದಿನದಿಂದ ಇದೆ, ಅಲ್ಲಿ ಹೋಗಿ ತಾರೀಕು ಹೇಳಿ ಕೇಳಿ ಅಂದೆ. ಅವರು ಹೋಗಿ ಕೇಳಿದ್ರು. ಅಲ್ಲಿ ಏನಂದ್ರು ಗೊತ್ತಾ?

‘ನಾಳೆ ಬಾಮ್ಮ.’

ಕೆಲಸ ಇನ್ನೂ ಬಹಳ ಇದೆ. ನಿಮ್ಮ ಟೇಬಲ್ ಮೇಲೆ, ನಿಮ್ಮ ಮನೇಲಿ, ನಿಮ್ಮ ಸಂಘದ ಲೆಕ್ಕದ ಪುಸ್ತಕದಲ್ಲಿ ಯಾರದ್ದಾದ್ರೂ ಕೂಲಿ ಉಳಿದಿದ್ರೆ, ಇದನ್ನ ಓದಿ ಮುಗಿಸಿ ಇವತ್ತೇ ಕೊಟ್ಟುಬಿಡಿ. ಅದರ ಯಜಮಾನರು ಕಾಯ್ತಿದ್ದಾರೆ.

ಜೈಭೀಮ್.